ದೂರ ಅಳತೆಗೆ ಸಿಗದ ನಾಡು

ಐಸ್‌ಲ್ಯಾಂಡಿನ ವಾಯವ್ಯ ಕರಾವಳಿಯ ಸ್ಕಾಗಾಸ್ಟ್ರಾಂಡ್, ಐನೂರು ಜನವೂ ಇಲ್ಲದ ಮೀನುಗಾರರ ಊರು. ಮೀನು ಸಂಸ್ಕರಿಸುತ್ತಿದ್ದ ಹಳೆಯ ಕಟ್ಟಡದಲ್ಲಿ 2008ರಿಂದ ‘ನೆಸ್’ ಎಂಬ ಕಲಾವಿದರ ವಸತಿ ಕೇಂದ್ರ ನಡೆಯುತ್ತಿದೆ. ನನ್ನ ಪಾಲಿಗೆ ಬಂದದ್ದು ಒಂದು ಮೇಜು, ಒಂದಿಷ್ಟು ಗೋಡೆ. ಏನು ಚಿತ್ರಿಸುತ್ತೀರಿ ಎಂದು ಯಾರೂ ಕೇಳುವುದಿಲ್ಲ. ತಿಂಗಳ ಕೊನೆಗೆ ಬಾಗಿಲು ತೆರೆದು ಊರಿನವರಿಗೆ ಕೆಲಸ ತೋರಿಸುವುದು ರೂಢಿ.

*

ಊರಿನ ಬೆನ್ನಿಗೇ ಸ್ಪೌಕೊನುಫೆಟ್ಲ್ ಬೆಟ್ಟ. ಹತ್ತನೆಯ ಶತಮಾನದಲ್ಲಿ ಅದರ ಬುಡದಲ್ಲಿದ್ದಳೆನ್ನುವ ತೋರ್ದಿಸ್ ಎಂಬ ಕಣಿ ಹೇಳುವವಳಿಂದ ಬೆಟ್ಟಕ್ಕೆ ಆ ಹೆಸರು. ಅದು ಎಷ್ಟು ದೂರವಿದೆ? ದಿನವೂ ನೋಡುತ್ತೇನೆ, ಕಣ್ಣು ಲೆಕ್ಕ ಕೊಡುವುದಿಲ್ಲ. ಒಂದು ಹೊತ್ತು ಕೈಗೆ ಎಟುಕುವಂತಿರುತ್ತದೆ, ಇನ್ನೊಂದು ಹೊತ್ತು ಬೇರೆ ಜಿಲ್ಲೆಯದೇನೋ ಅನ್ನಿಸುತ್ತದೆ.

ನಮ್ಮ ಮಲೆನಾಡಿನಲ್ಲಿ ಈ ಲೆಕ್ಕವನ್ನು ಗಾಳಿಯೇ ಮಾಡಿಕೊಡುತ್ತದೆ. ಕೊಡಚಾದ್ರಿಯ ನೆತ್ತಿಯಲ್ಲಿ ನಿಂತರೆ ಹತ್ತಿರದ ಗುಡ್ಡ ಹಸಿರು, ಅದರಾಚೆಯದು ನೀಲಿ, ಅದಕ್ಕೂ ಆಚೆಯದು ಇದೆಯೋ ಇಲ್ಲವೋ ಎನ್ನುವಷ್ಟು ತೆಳು. ತೇವ ಮತ್ತು ದೂಳು ತುಂಬಿದ ಗಾಳಿ ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ಹಿಂದಿನ ಗುಡ್ಡಕ್ಕೆ ನೀರು ಹೆಚ್ಚು, ಬಣ್ಣ ಕಡಿಮೆ: ಜಲವರ್ಣದಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು. ಇಲ್ಲಿ ಮೋಡ ಸರಿದ ದಿನ ಗಾಳಿ ಎಷ್ಟು ತಿಳಿಯೆಂದರೆ ಕೊಲ್ಲಿಯಾಚೆಯ ಬೆಟ್ಟಗಳ ಮಡಿಕೆ, ಸೀಳು, ಹಿಮದ ಗೆರೆ ಎಲ್ಲವೂ ಎದುರಿನ ಬೇಲಿಯಷ್ಟೇ ಸ್ಪಷ್ಟ. ಹಾಗಾದರೆ ಯಾವುದಕ್ಕೆ ನೀರು ಬೆರೆಸಲಿ?

*

ಮರವಿಲ್ಲದ್ದೂ ಒಂದು ಕಾರಣವಿರಬೇಕು. ಅಡಿಕೆ ಮರವೊಂದು ನಡುವೆ ನಿಂತಿದ್ದರೆ ಅದರ ಎತ್ತರದಿಂದ ಉಳಿದದ್ದನ್ನು ಅಳೆಯಬಹುದಿತ್ತು. ಒಂಬತ್ತನೆಯ ಶತಮಾನದಲ್ಲಿ ಜನ ಬಂದು ನೆಲೆಸುವಾಗ ಈ ದ್ವೀಪದ ಕಾಲುಭಾಗಕ್ಕೂ ಹೆಚ್ಚು ನೆಲದಲ್ಲಿ ಬರ್ಚ್ ಕಾಡಿತ್ತೆಂದು ಅಂದಾಜು. ಇದ್ದಿಲಿಗೆ ಕಡಿದರು, ಹುಲ್ಲುಗಾವಲಿಗೆ ಕಡಿದರು, ಚಿಗುರನ್ನು ಕುರಿ ಮೇಯ್ದವು. ಈಗ ಕಾಡು, ಕುರುಚಲು ಎಲ್ಲ ಸೇರಿ ನೂರಕ್ಕೆ ಎರಡರಷ್ಟು. ಈ ಬಯಲನ್ನು ನೋಡಿ ಮೊದಲು ಬಾಯಿಗೆ ಬರುವ ಮಾತು ‘ಆದಿಮ’ ಎಂದು. ಆದರೆ ಇದು ಮನುಷ್ಯನೂ ಅವನ ಕುರಿಯೂ ಸೇರಿ ಮಾಡಿದ ಬಯಲು.

*

ಜೂನ್ ಕೊನೆ. ಸೂರ್ಯ ಉತ್ತರಕ್ಕೆ ಬಂದು, ಕಡಲಿನ ಅಂಚಿಗೆ ತಾಗಿದಂತೆ ಜಾರಿಕೊಂಡು ಹೋಗಿ ಮತ್ತೆ ಏರುತ್ತಾನೆ. ಅವನು ತೀರ ಕೆಳಗಿರುವುದು ರಾತ್ರಿ ಹನ್ನೆರಡಕ್ಕಲ್ಲ, ಒಂದೂವರೆಯ ಸುಮಾರಿಗೆ. ದ್ವೀಪ ಅಷ್ಟು ಪಶ್ಚಿಮದಲ್ಲಿದ್ದರೂ ಗಡಿಯಾರಕ್ಕೆ ಗ್ರೀನ್‌ವಿಚ್ ಸಮಯ.

ನಮ್ಮಲ್ಲಿ ಸಂಜೆಗೆಂಪು ಹಿಡಿಯಬೇಕಾದರೆ ಕೈ ಓಡಬೇಕು. ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಕಾಗದ ಒಣಗುವುದರೊಳಗೆ ಕತ್ತಲು. ಇಲ್ಲಿ ಅದೇ ಕೆಂಪು ಗಂಟೆಗಟ್ಟಲೆ ನಿಂತಿರುತ್ತದೆ. ಅವಸರ ಹೋದೊಡನೆ ನನ್ನ ಗೆರೆಯೂ ಸಡಿಲವಾಯಿತು, ಯಾಕೆಂದು ತಿಳಿಯಲಿಲ್ಲ. ಬೆಳಕು ಕಾಯುತ್ತ ನಿಂತರೆ ಎಲ್ಲಿ ನಿಲ್ಲಿಸಬೇಕೆಂದು ಯಾರು ಹೇಳುವವರು?

*

ಗುಡ್ಡದ ಮೇಲಿನ ಪಾಚಿ ಬಿಸಿಲಿಗೆ ಬೂದಿ ಬಣ್ಣ. ಮಳೆ ಹನಿದೊಡನೆ ಹಳದಿಮಿಶ್ರಿತ ಹಸಿರು. ಬೆಳಗ್ಗೆ ಬೆರೆಸಿಟ್ಟ ಬಣ್ಣ ಮಧ್ಯಾಹ್ನಕ್ಕೆ ಸುಳ್ಳಾಗುತ್ತದೆ. ತುಳಿದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕಾಗಬಹುದು, ಹಾಗಾಗಿ ಕಾಲುದಾರಿ ಬಿಟ್ಟು ಇಳಿಯುವುದಿಲ್ಲ.

*

ಲ್ಯೂಪಿನ್ ಹೂ ಇಳಿಜಾರಿನ ತುಂಬ. ಅಂಥ ನೇರಳೆಯನ್ನು ನಾನು ಬೇರೆಲ್ಲೂ ಕಂಡಿಲ್ಲ, ಕೊಬಾಲ್ಟ್ ನೀಲಿಯ ಟ್ಯೂಬು ಆಗಲೇ ತಳ ಕಂಡಿದೆ. ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕೂತ ಹಿರಿಯರೊಬ್ಬರಿಗೆ ಹಾಗೆಂದಾಗ ಅವರ ಮುಖ ಗಂಟಿಕ್ಕಿತು. ಗಾಳಿಗೆ ಹಾರುವ ಮಣ್ಣನ್ನು ಹಿಡಿದು ನಿಲ್ಲಿಸಲೆಂದು 1945ರಲ್ಲಿ ಅರಣ್ಯ ಇಲಾಖೆಯ ಮುಖ್ಯಸ್ಥ ಹೌಕೋನ್ ಬ್ಯಾರ್ನಾಸನ್ ಅಲಾಸ್ಕದಿಂದ ತಂದ ಬೀಜ ಇದು. ಮಣ್ಣು ನಿಂತಿತು, ಸಾರಜನಕವೂ ಸೇರಿತು. ಆದರೆ ಗಿಡ ತಾನಾಗಿ ಹಬ್ಬಿ, ಸ್ಥಳೀಯ ಪಾಚಿ, ಕಾಡುಹಣ್ಣಿನ ಪೊದೆಗಳನ್ನು ಮುಚ್ಚುತ್ತಿದೆ. ತೊಟ್ಟಿಯಲ್ಲೇ ಇದ್ದ ಇನ್ನೊಬ್ಬರು ಹೂವಿನ ಪರ ವಾದಿಸಿದರು. ನನಗೆ ನಮ್ಮ ಕಾಡುಗಳನ್ನು ನುಂಗಿದ ಲಂಟಾನ ನೆನಪಾಯಿತು. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದನ್ನು ಕಡಿದು, ಬೇಯಿಸಿ, ಕುರ್ಚಿ ಹೆಣೆಯುತ್ತಾರೆ. ಈ ನೇರಳೆಯನ್ನು ಚಿತ್ರದಲ್ಲಿ ಬಿಡಲೋ, ಇಡಲೋ? ಇಡುತ್ತೇನೆ. ಇರುವುದನ್ನು ಅಳಿಸಿ ಬರೆದ ಭೂದೃಶ್ಯದಲ್ಲಿ ನನಗೆ ನಂಬಿಕೆಯಿಲ್ಲ.

*

ರೇಕ್ಯಾವಿಕ್‌ನಲ್ಲಿ ಯೋಹಾನ್ನೆಸ್ ಕ್ಯಾರ್ವಲ್ ಚಿತ್ರಗಳಿಗೆ ಮೀಸಲಾಗಿ 1973ರಲ್ಲಿ ತೆರೆದ ಕ್ಯಾರ್ವಲ್ಸ್ಟಾದಿರ್ ಇದೆ. ಆತ (1885–1972) ಯೌವನದಲ್ಲಿ ಮೀನುಗಾರ. ಆತನ ಎಷ್ಟೋ ಚಿತ್ರಗಳಲ್ಲಿ ಆಕಾಶ ಒಂದು ಪಟ್ಟಿಯಷ್ಟೆ. ಉಳಿದ ಕ್ಯಾನ್ವಾಸೆಲ್ಲ ಕಾಲಬುಡದ ಲಾವಾ ಕಲ್ಲು, ಬಿರುಕು, ಪಾಚಿ. ದೂರವೆಂಬ ತೊಡಕನ್ನು ಪಕ್ಕಕ್ಕಿಟ್ಟು ಆತ ನೆಲ ನೋಡಿದ. ಇಲ್ಲಿಗೆ ಬಂದ ಮೇಲೆ ನನಗೆ ಆತ ಅರ್ಥವಾಗತೊಡಗಿದ್ದಾನೆ, ಸ್ಪೌಕೊನುಫೆಟ್ಲ್ ಇನ್ನೂ ಇಲ್ಲ.

*

ಮೈಸೂರು, ದಾವಣಗೆರೆ, ಧಾರವಾಡದ ಕಲಾಶಾಲೆಗಳಿಂದ ಹೊರಬರುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಇಂಥ ಕಡೆಗಳಿಗೆ ಅರ್ಜಿ ಹಾಕಿ. ಆಯ್ಕೆಯಾಗಿ ಬಂದರೆ ಮೊದಲ ಕೆಲವು ದಿನ ಬಣ್ಣದ ಪೆಟ್ಟಿಗೆ ತೆರೆಯದೆ ಊರು ಸುತ್ತಿ, ಬೆಟ್ಟದವರೆಗೆ ನಡೆದು ಬನ್ನಿ. ಇಲ್ಲಿ ದೂರವನ್ನು ಕಾಲಿನಿಂದಲೇ ಕಲಿಯಬೇಕು.