ಕ್ರಿಸ್ಟೀನಳಿಗೆ ಡೂಪ್ ಆದ ಬೆಲ್ವೆಡೇರ್

ಕತ್ತಲ ಗ್ಯಾರೇಜು. ನಡುವೆ ಒಂದು ಕೆಂಪು ಕಾರು. ಬಾನೆಟ್ಟು ಜಜ್ಜಿಹೋಗಿದೆ, ಗಾಜು ಪುಡಿಪುಡಿ, ಮೈಯೆಲ್ಲ ಗಾಯ. ಎದುರಿಗೆ ಒಬ್ಬ ಹುಡುಗ. ಎರಡು ಹೆಜ್ಜೆ ಹಿಂದೆ ಸರಿದು, ಎಲ್ಲಿ ನೋಡೋಣ ಎಂಬಂತೆ ನಿಲ್ಲುತ್ತಾನೆ. ಅಷ್ಟೇ! ಹೆಡ್‌ಲೈಟು ಹತ್ತಿಕೊಳ್ಳುತ್ತದೆ. ಬಗ್ಗಿದ ತಗಡು ಲಟಲಟ ಸದ್ದು ಮಾಡುತ್ತಾ ತಾನಾಗಿಯೇ ನೆಟ್ಟಗಾಗುತ್ತದೆ. ನೋಡನೋಡುತ್ತಿದ್ದಂತೆ ಕಾರು ಮದುಮಗಳಂತೆ ಮಿನುಗುತ್ತಾ ನಿಂತುಬಿಡುತ್ತದೆ...

ಇದು ಜಾನ್ ಕಾರ್ಪೆಂಟರ್ ನಿರ್ದೇಶನದ 'ಕ್ರಿಸ್ಟೀನ್'. ಸ್ಟೀಫನ್ ಕಿಂಗ್ ಬರೆದ ಕಾದಂಬರಿ ಬಂದದ್ದೂ 1983ರಲ್ಲಿ, ಚಿತ್ರ ಬಂದದ್ದೂ ಅದೇ ವರ್ಷ. ನಾಯಕಿಯೂ ಕಾರೇ, ಖಳನಾಯಕಿಯೂ ಕಾರೇ. ತನ್ನ ಹುಡುಗನ ತಂಟೆಗೆ ಬಂದವರನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಹೊಟ್ಟೆಕಿಚ್ಚಿನ ಕಾರು! ಕಥೆಯ ಪ್ರಕಾರ ಅದು 1958ರ ಪ್ಲಿಮತ್ ಫ್ಯೂರಿ.

ನಾನು ಈ ಚಿತ್ರ ನೋಡಿದ್ದು ಎರಡನೇ ಪಿಯುಸಿಗೆ ಕೈಮುಗಿದು ಮನೆಯಲ್ಲಿ ಕೂತಿದ್ದ ವರ್ಷ. ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದ ಡಿವಿಡಿ, ಗೆಳೆಯನ ರೂಮು, ರಾತ್ರಿ ಹನ್ನೊಂದು ಗಂಟೆ. ಆ ದೃಶ್ಯ ಬಂದಾಗ ನನಗೇ ಗೊತ್ತಿಲ್ಲದೆ ಶಿಳ್ಳೆ ಹೊಡೆದೆ. ಪಕ್ಕದ ರೂಮಿನವರು ಗೋಡೆ ಗುದ್ದಿದರು.

ಎಷ್ಟೋ ದಿನದ ಮೇಲೆ ನಿಜ ಸಂಗತಿ ತಿಳಿಯಿತು. ನಾನು ಶಿಳ್ಳೆ ಹೊಡೆದ ಆ ನಾಯಕಿ ಬಹುಪಾಲು ದೃಶ್ಯಗಳಲ್ಲಿ ನಾಯಕಿಯೇ ಅಲ್ಲ, ಡೂಪ್!

ವಿಷಯ ಇಷ್ಟೇ. 1958ರಲ್ಲಿ ಫ್ಯೂರಿ ತಯಾರಾಗಿದ್ದೇ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಇಪ್ಪತ್ತೈದು ವರ್ಷದ ಮೇಲೆ ಅವನ್ನು ಹುಡುಕಿ, ದುಬಾರಿ ಬೆಲೆ ಕೊಟ್ಟು ಕೊಂಡು, ಗುದ್ದಿಸಿ ಪುಡಿ ಮಾಡೋದು ಯಾವ ನಿರ್ಮಾಪಕನಿಗೆ ಸಾಧ್ಯ? ಚಿತ್ರತಂಡ ಅದೇ ಮನೆಯ ಬೆಲ್ವೆಡೇರ್, ಸವಾಯ್ ಎಂಬ ಕಾರುಗಳ ಬೆನ್ನು ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಹಳೇ ಕಾರುಗಳನ್ನು ಕೊಂಡು, ಕೆಂಪು ಬಿಳಿ ಬಣ್ಣ ಬಳಿದು, ಫ್ಯೂರಿಯ ಒಡವೆ ತೊಡಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಆ ಕೆಂಪು ಕೂಡ ಮೇಕಪ್ಪೇ ಸ್ವಾಮಿ! ಆ ವರ್ಷ ಕಾರ್ಖಾನೆಯಿಂದ ಫ್ಯೂರಿ ಬರುತ್ತಿದ್ದದ್ದು ಮಾಸಲು ಕೆನೆ ಬಣ್ಣದಲ್ಲಿ, ಅದರ ಮೇಲೆ ಚಿನ್ನದ ಬಣ್ಣದ ಪಟ್ಟಿ.

ಇನ್ನು ಆ ಮಾಯದ ದೃಶ್ಯ? ಕಾರಿನೊಳಗೆ ಹೈಡ್ರಾಲಿಕ್ ಪಂಪು ಕೂರಿಸಿ ಅದರ ಮೈಯನ್ನು ಒಳಕ್ಕೆ ಎಳೆದು ಜಜ್ಜಿದರು. ಆ ಫಿಲ್ಮನ್ನು ಉಲ್ಟಾ ಓಡಿಸಿದರು. ನಮಗೆ ಕಂಡದ್ದು ಗಾಯ ಮಾಯುವುದು, ನಿಜಕ್ಕೂ ನಡೆದದ್ದು ಗಾಯ ಮಾಡುವುದು. ಚಿತ್ರೀಕರಣ ಮುಗಿದ ಮೇಲೆ ಉಳಿದ ಕಾರುಗಳು ಬೆರಳೆಣಿಕೆಯಷ್ಟು. ಮಿಕ್ಕವು ಗುಜರಿಗೆ.

ಒಮ್ಮೆ ಇಲ್ಲೇ ಒಂದು ಶೂಟಿಂಗಿನಲ್ಲಿ ನಾಯಕನ ಬದಲು ಮಹಡಿಯಿಂದ ಹಾರಿದ ಒಬ್ಬರನ್ನು ಮಾತಾಡಿಸಿದ್ದೆ. ಮೊಣಕೈಗೆ ಐಸ್ ಒತ್ತಿಕೊಂಡು ಕೂತಿದ್ದರು. "ಅಣ್ಣಾ, ಟೈಟಲ್ ಕಾರ್ಡಲ್ಲಿ ನಿಮ್ಮ ಹೆಸರು ಬರುತ್ತಾ?" ಅಂದೆ. "ಫೈಟರ್ಸ್ ಅಂತ ಬರುತ್ತಲ್ಲಪ್ಪಾ, ಅದರೊಳಗೆ ನಾನೂ ಇದ್ದೀನಿ" ಅಂದು ನಕ್ಕರು. ಅವತ್ತು ರಾತ್ರಿ ಬಸ್ಸಿನಲ್ಲಿ ಬರುವಾಗ ನೆನಪಾದದ್ದು ಈ ಬೆಲ್ವೆಡೇರ್. ಅದರ ಜಾತಕ ತೆಗೆದು ನೋಡಲೇಬೇಕು ಅನ್ನಿಸಿತು.

ಸಂಸಾರಸ್ಥರ ಕಾರು

ಅಮೆರಿಕದ ಕ್ರೈಸ್ಲರ್ ಕಂಪನಿ 1928ರಲ್ಲಿ ಪ್ಲಿಮತ್ ಎಂಬ ಹೆಸರು ಶುರು ಮಾಡಿದ್ದೇ ಫೋರ್ಡ್, ಷೆವರ್ಲೆ ಕೊಳ್ಳುವ ಸಾಮಾನ್ಯ ಜನರಿಗಾಗಿ. ಗುಮಾಸ್ತರು, ಮೇಷ್ಟ್ರುಗಳು, ಕಾರ್ಖಾನೆ ಕೆಲಸಗಾರರು. ಅದೇ ಪ್ಲಿಮತ್ ಮನೆಯಲ್ಲಿ 1951ರಲ್ಲಿ ಕ್ರ್ಯಾನ್‌ಬ್ರೂಕ್ ಕಾರಿನ ಎರಡು ಬಾಗಿಲಿನ ಒಂದು ಮಾದರಿಗೆ ಬೆಲ್ವೆಡೇರ್ ಎಂದು ಹೆಸರಿಟ್ಟರು. ಇಟಾಲಿಯನ್ ಮೂಲದ ಮಾತು, ಸುಂದರ ನೋಟ ಎಂದರ್ಥ. 1954ರ ಹೊತ್ತಿಗೆ ಅದು ಪ್ಲಿಮತ್ ಮನೆಯ ಹಿರೀ ಸೊಸೆ. ಕೆಳಗೆ ಪ್ಲಾಜಾ, ನಡುವೆ ಸವಾಯ್, ಮೇಲೆ ಬೆಲ್ವೆಡೇರ್. 1955ರಲ್ಲಿ ಪ್ಲಿಮತ್ ಕಾರಿಗೆ ಮೊದಲ ಬಾರಿಗೆ ವಿ-8 ಎಂಜಿನ್ ಬಂತು. 1956ರಲ್ಲಿ ಬಂದಳು ನೋಡಿ ಫ್ಯೂರಿ! ಬೆಲ್ವೆಡೇರ್ ಮೈಗೇ ಹೆಚ್ಚಿನ ಶಕ್ತಿಯ ಎಂಜಿನ್ನು, ಚಿನ್ನದ ಪಟ್ಟಿ ಹಾಕಿ ತಯಾರಿಸಿದ ಠೀವಿಯ ತಂಗಿ. ಅಂದರೆ ಮುಂದೆ ಸಿನಿಮಾದಲ್ಲಿ ಯಾರಿಗೆ ಬೆಲ್ವೆಡೇರ್ ಡೂಪ್ ಆಯಿತೋ, ಆ ತಾರೆ ಹುಟ್ಟಿದ್ದೇ ಬೆಲ್ವೆಡೇರ್ ಮೈಯಿಂದ.

ಅಂದಹಾಗೆ ಪ್ಲಿಮತ್ ನಮ್ಮ ದೇಶಕ್ಕೂ ಅಪರಿಚಿತಳಲ್ಲ. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದ ವಾಲ್‌ಚಂದ್ ಹಿರಾಚಂದ್ ಅವರೇ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದವರು. ಕ್ರೈಸ್ಲರ್ ಜೊತೆ ಒಪ್ಪಂದ ಮಾಡಿಕೊಂಡು 1947ರಿಂದ ಕುರ್ಲಾದ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸತೊಡಗಿದರು. ಡಾಡ್ಜ್ ಕಿಂಗ್ಸ್‌ವೇ ಎಂದು ಮೆರೆಯುತ್ತಿದ್ದ ಕಾರಿನ ಬಿಲ್ಲೆ ಬಿಚ್ಚಿದರೆ ಒಳಗಿದ್ದದ್ದು ಪ್ಲಿಮತ್ತೇ. ಹೆಸರು ಒಬ್ಬರದು, ಮೈ ಇನ್ನೊಬ್ಬರದು. ಆ ಹಣೆಬರಹ ಮೊದಲಿನಿಂದಲೂ ಇತ್ತು ಅನ್ನಿ.

ಬೆಲ್ವೆಡೇರ್‌ನ ನಿಜವಾದ ಸುದಿನ ಬಂದದ್ದು 1957ರಲ್ಲಿ. ಕ್ರೈಸ್ಲರಿನ ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ಕಾರನ್ನು ನೆಲಕ್ಕೆ ಇಳಿಸಿ, ಉದ್ದ ಎಳೆದು, ಹಿಂಭಾಗಕ್ಕೆ ಶಾರ್ಕ್ ಮೀನಿನ ರೆಕ್ಕೆ ಹಚ್ಚಿಬಿಟ್ಟರು. ಗೇರ್ ಹಾಕಲು ಡ್ಯಾಶ್‌ಬೋರ್ಡಿನಲ್ಲಿ ಗುಂಡಿಗಳು. ಮುಂದಿನ ಚಕ್ರಗಳಿಗೆ ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಉಕ್ಕಿನ ಸರಳು, ತಿರುವಿನಲ್ಲಿ ಕಾರು ಓಲಾಡುತ್ತಿರಲಿಲ್ಲ. 1960ನೇ ಇಸವಿ ಈಗಲೇ ಬಂದುಬಿಟ್ಟಿತು ಎಂದು ಕಂಪನಿ ಜಾಹೀರಾತು ಕೊಟ್ಟಿತು. ಜನರಲ್ ಮೋಟರ್ಸಿನವರು ಈ ಕಾರುಗಳನ್ನು ಕಂಡು ಗಾಬರಿಯಾಗಿ, ತಮ್ಮ 1959ರ ಕಾರುಗಳ ನಕ್ಷೆಯನ್ನೇ ಬದಲಿಸಿದರು. ಆ ವರ್ಷ ಏಳು ಲಕ್ಷಕ್ಕೂ ಹೆಚ್ಚು ಪ್ಲಿಮತ್ ತಯಾರಾದವು. ಬ್ಯೂಕ್ ಕಿತ್ತುಕೊಂಡಿದ್ದ ಮೂರನೇ ಸ್ಥಾನ ವಾಪಸ್ಸು ಬಂತು. ಹೌಸ್‌ಫುಲ್!

ಆದರೆ ಆತುರದ ಅಡುಗೆ. ಮಳೆ ಬಂದರೆ ಒಳಗೆ ನೀರು. ಬಣ್ಣ ಏಳುತ್ತಿತ್ತು. ಆ ಹೊಸ ಸರಳುಗಳು ಮುರಿದ ಉದಾಹರಣೆಗಳೂ ಇದ್ದವು. ಎಲ್ಲಕ್ಕಿಂತ ದೊಡ್ಡ ಶತ್ರು ತುಕ್ಕು. ನಾಲ್ಕಾರು ವರ್ಷಕ್ಕೇ ಸುಂದರಿಯ ಕೆನ್ನೆ ತೂತು. 1958ರಲ್ಲಿ ಅಮೆರಿಕದಲ್ಲಿ ವ್ಯಾಪಾರ ಬೇರೆ ಕುಸಿಯಿತು, ಪ್ಲಿಮತ್ ಕೊಳ್ಳುವವರು ಕಡಿಮೆಯಾದರು. 1959ರಲ್ಲಿ ಫ್ಯೂರಿ ಹೆಸರನ್ನು ಸಂಸಾರದ ಕಾರುಗಳಿಗೂ ಕೊಟ್ಟು ಮೇಲಿನ ಪಟ್ಟದಲ್ಲಿ ಕೂರಿಸಿದರು. ಬೆಲ್ವೆಡೇರ್ ನಡುಮನೆಗೆ ಇಳಿಯಿತು. ಅಕ್ಕನ ಕುರ್ಚಿ ತಂಗಿಗೆ.

ಹೂತಿಟ್ಟ ಸುಂದರಿ

ಒಂದೇ ಒಂದು ಬೆಲ್ವೆಡೇರ್‌ಗೆ ಮಾತ್ರ ತಾರೆಯ ಮರ್ಯಾದೆ ಸಿಕ್ಕಿತು. ಅದರ ಕಥೆ ಕೇಳಿ.

1957ರ ಜೂನ್ 15. ಓಕ್ಲಹೋಮ ರಾಜ್ಯ ಹುಟ್ಟಿ ಐವತ್ತು ವರ್ಷ. ಟಲ್ಸಾ ಎಂಬ ಊರಿನವರು ಕೋರ್ಟ್ ಕಟ್ಟಡದ ಎದುರು ನೆಲ ಅಗೆದು, ಕಾಂಕ್ರೀಟಿನ ಗೂಡು ಕಟ್ಟಿ, ಬಂಗಾರ ಬಿಳಿ ಬಣ್ಣದ ಹೊಚ್ಚಹೊಸ ಬೆಲ್ವೆಡೇರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಳಗಿಟ್ಟರು. ಐವತ್ತು ವರ್ಷದ ಮೇಲೆ ಮೊಮ್ಮಕ್ಕಳು ತೆಗೆದು ನೋಡಲಿ ಅಂತ! 2007ರಲ್ಲಿ ಪೆಟ್ರೋಲ್ ಇರುತ್ತೋ ಇಲ್ಲವೋ ಎಂದು ಜೊತೆಗೆ ಪೆಟ್ರೋಲ್ ಡಬ್ಬ. ಒಂದು ಪೆಟ್ಟಿಗೆ ಬಿಯರ್. ಹೆಂಗಸಿನ ಕೈಚೀಲದಲ್ಲಿ ಇರುವಂಥ ಲಿಪ್‌ಸ್ಟಿಕ್, ಹೇರ್‌ಪಿನ್. ಅಣುಬಾಂಬು ಬಿದ್ದರೂ ಏನೂ ಆಗದಂಥ ಗೂಡು ಎಂದು ಹೆಮ್ಮೆ. 2007ರಲ್ಲಿ ಟಲ್ಸಾದ ಜನಸಂಖ್ಯೆ ಎಷ್ಟಿರುತ್ತೆ ಎಂದು ಸರಿಯಾಗಿ ಊಹಿಸಿದವರಿಗೆ ಆ ಕಾರೇ ಬಹುಮಾನ.

ಐವತ್ತು ವರ್ಷ ಕಳೆಯಿತು. 2007ರ ಜೂನ್. ಸಾವಿರಾರು ಜನ ಸೇರಿದರು. ಗೂಡು ತೆರೆದರೆ... ಒಳಗೆ ನೀರು! ಬಾಂಬಿಗೆ ಹೆದರಿ ಕಟ್ಟಿದ ಗೋಡೆಗೆ ನೀರನ್ನು ತಡೆಯಲು ಆಗಲಿಲ್ಲ. ಪ್ಲಾಸ್ಟಿಕ್ ಬಿಚ್ಚಿದಾಗ ಕಂಡದ್ದು ಬಂಗಾರವಲ್ಲ, ತುಕ್ಕಿನ ಮುದ್ದೆ. ಸೀಟು ಕೊಳೆತಿತ್ತು. ಎಂಜಿನ್ನು ಅಲುಗಾಡಲಿಲ್ಲ. ಊಹೆಯಲ್ಲಿ ಗೆದ್ದ ಮನುಷ್ಯ 1979ರಲ್ಲೇ ತೀರಿಕೊಂಡಿದ್ದ, ಬಹುಮಾನ ಸಂಬಂಧಿಕರ ಪಾಲಾಯಿತು. ಕೊನೆಗೆ ಆ ಕಾರು ಇಲಿನಾಯ್ ರಾಜ್ಯದ ರಾಸ್ಕೋ ಎಂಬಲ್ಲಿನ ವಸ್ತುಸಂಗ್ರಹಾಲಯ ಸೇರಿತು.

ಇದನ್ನು ಓದುವಾಗ ನಮ್ಮಮ್ಮನ ರೇಷ್ಮೆ ಸೀರೆ ನೆನಪಾಯಿತು. ಅಕ್ಕನ ಮದುವೆಗೆ ಉಡಬೇಕು ಅಂತ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟಿದ್ದಳು. ಮದುವೆ ದಿನ ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಹರಿದಿತ್ತು. ದಿನಾ ಉಡುವ ವಾಯಿಲ್ ಸೀರೆಗಳು ಗಟ್ಟಿಮುಟ್ಟಾಗಿದ್ದವು.

ಬೀದಿಯಲ್ಲಿ ಬೆಳೆದವರು

ಟಲ್ಸಾದ ಸುಂದರಿ ನೆಲದೊಳಗೆ ಮಲಗಿದ್ದಾಗ ಹೊರಗಿದ್ದ ಬೆಲ್ವೆಡೇರ್‌ಗಳು ಏನು ಮಾಡುತ್ತಿದ್ದವು? ದುಡಿಯುತ್ತಿದ್ದವು. ಷೆವರ್ಲೆ ಚಿಕ್ಕದಾಗುತ್ತದಂತೆ ಎಂಬ ಗಾಳಿಸುದ್ದಿ ನಂಬಿ 1962ರಲ್ಲಿ ಕಂಪನಿ ಇವನ್ನು ಕುಗ್ಗಿಸಿ ಮಾರುಕಟ್ಟೆಯಲ್ಲಿ ಪೆಟ್ಟು ತಿಂದಿತು. ಎಕ್ಸ್‌ನರ್ 1961ರಲ್ಲೇ ಕುರ್ಚಿ ಕಳೆದುಕೊಂಡಿದ್ದರು. ಆದರೆ ಗಾತ್ರ ಇಳಿದದ್ದೇ ಕಾರಿಗೆ ವರವಾಯಿತು. ಹಗುರ ಮೈ, ಅದಕ್ಕೆ 426 ಹೆಮಿ ಎಂಬ ದೈತ್ಯ ಎಂಜಿನ್ನು. 1964ರ ಡೇಟೋನಾ 500 ರೇಸಿನಲ್ಲಿ ಮೊದಲ ಮೂರು ಸ್ಥಾನವೂ ಪ್ಲಿಮತ್ತಿಗೆ! ಗೆದ್ದವರು ರಿಚರ್ಡ್ ಪೆಟ್ಟಿ. ಅದೇ ಪೆಟ್ಟಿ 1967ರಲ್ಲಿ 43ನೇ ನಂಬರಿನ ನೀಲಿ ಬೆಲ್ವೆಡೇರ್ ಓಡಿಸಿ ಒಂದೇ ವರ್ಷ 27 ರೇಸು ಗೆದ್ದರು. ಅದರಲ್ಲಿ ಹತ್ತು ಒಂದರ ಹಿಂದೆ ಒಂದು.

ಪೊಲೀಸರಿಗೂ ಇದೇ ಕಾರು. 1968ರಲ್ಲಿ ಶುರುವಾದ 'ಆಡಂ-12' ಎಂಬ ಟಿವಿ ಧಾರಾವಾಹಿಯಲ್ಲಿ ಮೊದಮೊದಲು ಪೊಲೀಸ್ ಕಾರಾಗಿ ಓಡಿದ್ದು 1967ರ ಬೆಲ್ವೆಡೇರ್. ಅದೇ 1968ರಲ್ಲಿ ಹುಡುಗರ ನಿದ್ದೆ ಕೆಡಿಸಿದ ರೋಡ್ ರನ್ನರ್ ಬಂತು. ಅದೂ ಬೆಲ್ವೆಡೇರ್ ಮೈಯೇ, ಹೆಸರು ಮಾತ್ರ ಬೇರೆ! 1970ಕ್ಕೆ ಬೆಲ್ವೆಡೇರ್ ಎಂಬ ಹೆಸರು ನಿಂತಿತು. 2001ರಲ್ಲಿ ಪ್ಲಿಮತ್ ಎಂಬ ಹೆಸರೂ ಅಳಿಯಿತು.

ಈಗ ನನ್ನದೊಂದು ಮಾತು ಹೇಳಿ ಮುಗಿಸುತ್ತೇನೆ ಗೆಳೆಯರೇ.

ಪಿಯುಸಿ ಬಿಟ್ಟಾಗ ಅಪ್ಪ ಬೈಯಲಿಲ್ಲ, ಮಾತು ಬಿಟ್ಟರು. ಓದು ಮುಗಿಸಿದ್ದರೆ ಒಂದು ಕಡೆ ನೆರಳಲ್ಲಿ ಕೂರಬಹುದಿತ್ತು ಎಂಬುದು ಅವರ ಸಂಕಟ. ವರ್ಷದ ಮೇಲೆ ಒಂದು ಪತ್ರಿಕೆ ನನ್ನ ಲೇಖನ ತೆಗೆದುಕೊಂಡಿತು. ಮನೆಗೆ ಫೋನ್ ಮಾಡಿ ಹೇಳಿದೆ. ಅಪ್ಪ ಬೆಳಿಗ್ಗೆ ಆರಕ್ಕೇ ಬಸ್ ಸ್ಟ್ಯಾಂಡಿಗೆ ಹೋಗಿ ಎರಡು ಪ್ರತಿ ಕೊಂಡರಂತೆ. ಲೇಖನ ಇತ್ತು, ಒಂದು ಸಾಲೂ ಬದಲಾಗಿರಲಿಲ್ಲ. ಕೆಳಗೆ ಬೇರೆಯವರ ಹೆಸರು.

ನನಗೆ ನೆಲ ಕುಸಿದ ಹಾಗಾಯಿತು. ಯಾಕೆ, ಏನು ಅಂತ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಇನ್ನು ಬರೆಯೋದೇ ಬೇಡ ಅಂತ ಒಂದು ವಾರ ಪೆನ್ನು ಮುಟ್ಟಲಿಲ್ಲ. ಊರಿಗೆ ಹೋದಾಗ ಅಪ್ಪನ ಮುಖ ನೋಡಲು ನಾಚಿಕೆ. ಅವರೇ ಮಾತು ತೆಗೆದರು. ಒಂದು ವರ್ಷದ ಮೇಲೆ ಆಡಿದ ಮೊದಲ ಮಾತು.

"ಬರೆದಿದ್ದು ನೀನೇ ತಾನೇ?"

"ಹೂಂ ಅಪ್ಪಾ."

"ಮತ್ತಿನ್ನೇನು? ಇನ್ನೊಂದು ಬರಿ."

ಆ ಎರಡು ಪ್ರತಿ ಎಲ್ಲಿ ಎಂದು ಬೀರುವಿನಲ್ಲೆಲ್ಲ ಹುಡುಕಿದೆ. ಸಿಗಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋದಾಗ ಗೊತ್ತಾಯಿತು. ಅಪ್ಪ ಎರಡನ್ನೂ ಅಲ್ಲೇ ಕೊಟ್ಟುಬಿಟ್ಟಿದ್ದರು. ಒಂದನ್ನು ಯಾರೋ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿದ್ದರು. ಇನ್ನೊಂದು ಬೆಂಚಿನ ಮೇಲಿತ್ತು. ರಟ್ಟು ಕಿತ್ತುಹೋಗಿ, ವಡೆಯ ಎಣ್ಣೆ ಹತ್ತಿ, ಪುಟಗಳ ತುದಿ ಮಡಿಸಿಕೊಂಡಿತ್ತು. ಒಬ್ಬ ಕಂಡಕ್ಟರು ಅದನ್ನು ಬಾಯಿಬಿಟ್ಟು ಓದುತ್ತಾ ನಗುತ್ತಿದ್ದ.

ಒಂದು ಟೀ ಹೇಳಿ, ಅವನ ಪಕ್ಕದಲ್ಲೇ ಕೂತೆ.