ಕಡ್ಡಿ ಅಳತೆ

ಮೂವತ್ತೆರಡು ವರ್ಷ ಪ್ರೈಮರಿ ಶಾಲೆಯಲ್ಲಿ ನಿಂತು, "ನಾಳೆ ಬಿಳಿ ಬೂಟು ಹಾಕ್ಕೊಂಡು ಬರದಿದ್ದೋರು ಹೊರಗೆ" ಎಂದು ಗದರಿಸಿದವಳು ನಾನು. ಆ ಮೂವತ್ತೆರಡು ವರ್ಷದಲ್ಲಿ ನನ್ನ ಕಾಲಿಗೆ ಮಾತ್ರ ಒಂದು ದಿನವೂ ಬೂಟು ಏರಲಿಲ್ಲ. ಸೀರೆಗೆ ಬೂಟೇ? ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಹಾಗೆ ನಡೆದರೆ, ಕೊಬ್ಬರಿ ಧಾರಣೆ ಕುಸಿದ ಸುದ್ದಿಗಿಂತ ಬೇಗ ನಮ್ಮ ಸುದ್ದಿ ಊರು ಸುತ್ತುತ್ತದೆ.

ನನ್ನ ಕಾಲಿಗೆ ಬೂಟು ಏರಿಸಿದವಳು ಅಣ್ಣನ ಮಗಳು. ಬೆಂಗಳೂರಿನಲ್ಲಿ ಕೆಲಸ, ಓಡುವುದು ಹುಚ್ಚು. ಟಾರು ರಸ್ತೆಯಲ್ಲಲ್ಲ, ಕಾಡು, ಗುಡ್ಡ, ತೋಟದ ಬದು, ಹೀಗೆ ಕಾಲುದಾರಿ ಇರುವ ಕಡೆ. ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಎಂಬ ಓಟಕ್ಕೆ ಹೆಸರು ಕೊಟ್ಟಿದ್ದಳು. 50 ಕಿಲೋಮೀಟರು! ಹೆಚ್ಚೂಕಡಿಮೆ ತಿಪಟೂರಿನಿಂದ ತುರುವೇಕೆರೆಗೆ ಹೋಗಿ ವಾಪಸು ಬಂದಷ್ಟು. ಅದೂ ಹತ್ತಿ ಇಳಿದು.

ಸಂಕ್ರಾಂತಿಗೆ ನಾವೆಲ್ಲ ತುರುವೇಕೆರೆ ಪಕ್ಕದ ನಮ್ಮ ತವರಿನಲ್ಲಿ ಸೇರಿದ್ದೆವು. ಬೆಳಗಿನ ಜಾವ ಇವಳು ತೋಟದ ಸಾಲಿನಲ್ಲಿ ಓಡತೊಡಗಿದಳು. ನಮ್ಮೂರಲ್ಲಿ ಹೆಣ್ಣುಮಗಳು ಓಡಿದರೆ ಒಂದೇ ಅರ್ಥ, ಯಾರಿಗೋ ಏನೋ ಆಗಿದೆ ಎಂದು. ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದವರೊಬ್ಬರು ಟಿವಿಎಸ್ ನಿಲ್ಲಿಸಿ, "ಹತ್ತು ಮಗ, ಆಸ್ಪತ್ರೆಗೆ ಬಿಡ್ತೀನಿ, ಯಾರಿಗೆ ಹುಷಾರಿಲ್ಲ?" ಎಂದರಂತೆ. "ಯಾರಿಗೂ ಏನೂ ಆಗಿಲ್ಲ ದೊಡ್ಡಪ್ಪ, ಸುಮ್ನೆ ಓಡ್ತಿದೀನಿ" ಎಂದಳಂತೆ. ಅವರು ಮನೆಯ ತನಕ ಬಂದು, "ಮಗೀಗೆ ಏನೋ ಬೇಜಾರಾಗದೆ, ವಿಚಾರಿಸ್ಕಳಿ" ಎಂದು ಅಣ್ಣನಿಗೆ ಹೇಳಿಹೋದರು.

ಅವಳ ಚೀಲದಲ್ಲಿ ಮೂರು ಜೊತೆ ಬೂಟು. ನಮ್ಮ ಮನೆಯವರು, "ಇವಳಿಗೆ ಕಾಲೆಷ್ಟು?" ಎಂದರು. ನನಗೂ ಅತಿಯೆನಿಸಿತು. ಆದರೆ ಮೂರನ್ನೂ ಜಗಲಿಯ ಮೇಲೆ ಬೋರಲು ಹಾಕಿ ತೋರಿಸಿದಾಗ ವ್ಯತ್ಯಾಸ ಕಂಡಿತು. ಒಂದರ ಅಟ್ಟೆ ನಯ, ಅದು ಟಾರಿಗೆ. ಇನ್ನೆರಡರ ಅಟ್ಟೆಯಲ್ಲಿ ಹಲಸಿನ ಹಣ್ಣಿನ ಮೈಯಂತೆ ಮುಳ್ಳುಮುಳ್ಳು. ಒಣ ನೆಲಕ್ಕೆ ಆ ಮುಳ್ಳು ಮೂರು ನಾಲ್ಕು ಮಿಲಿಮೀಟರಿದ್ದರೆ ಸಾಕು; ಮಲೆನಾಡಿನ ಕೆಸರಿಗೆ ಐದಾರಾದರೂ ಬೇಕು, ಇಲ್ಲದಿದ್ದರೆ ಜಾರುಬಂಡೆ. ಹಾಗೆಂದು ಉದ್ದ ಮುಳ್ಳಿನದನ್ನು ಟಾರಿನ ಮೇಲೆ ಓಡಿಸಿದರೆ ಕೆಲವೇ ತಿಂಗಳಲ್ಲಿ ಸವೆದು ದುಡ್ಡು ದಂಡ. ಹತ್ತು ಕಿಲೋಮೀಟರಿನ ಓಟಕ್ಕೆ ಹಗುರವಾಗಿ, ಪಾದವನ್ನು ಹಿಡಿದುಕೊಂಡಿರುವ ಬೂಟು. ಐವತ್ತಕ್ಕೆ ಮೆತ್ತೆ ದಪ್ಪ, ಬೆರಳುಗಳಿಗೆ ಜಾಗ ಹೆಚ್ಚು. ಏಕೆಂದರೆ ಗಂಟೆಗಟ್ಟಲೆ ಓಡಿದರೆ ಕಾಲು ಊದುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಬೂಟು ಮಧ್ಯಾಹ್ನ ಬಿಗಿಯುತ್ತದೆ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಗುದ್ದಿ ಉಗುರು ಕಪ್ಪಾಗಿ ಉದುರುತ್ತದೆ. ಅದಕ್ಕೇ ದೂರದ ಓಟಕ್ಕೆ ಅರ್ಧ ನಂಬರು, ಕೆಲವರಿಗೆ ಒಂದು ನಂಬರೇ ದೊಡ್ಡದು.

"ನಂಬರು ಹೋಗ್ಲಿ ಅತ್ತೆ, ಮೊದಲು ಕಾಲಿನ ಆಕಾರ ನೋಡ್ಬೇಕು" ಎಂದವಳೇ ಬಚ್ಚಲಿನಿಂದ ಬಕೆಟ್ ತಂದು, ಎಲ್ಲರ ಕಾಲನ್ನೂ ಒದ್ದೆ ಮಾಡಿಸಿ ಕೆಂಪು ಗಾರೆಯ ನೆಲದ ಮೇಲೆ ನಿಲ್ಲಿಸಿದಳು. ಅಣ್ಣನ ಪಾದ ದೋಸೆ ಹುಯ್ದಂತೆ ಪೂರ್ತಿ ಮೂಡಿತು, ಚಪ್ಪಟೆ ಪಾದ. ಅವಳದು ಗೋಕುಲಾಷ್ಟಮಿಗೆ ನಾವು ಮುಷ್ಟಿ ಅದ್ದಿ ಬಿಡಿಸುವ ಕೃಷ್ಣನ ಹೆಜ್ಜೆ. ನಡುವೆ ಸಣ್ಣ, ಕಮಾನು ಎದ್ದು ಕಾಣುವಂಥದು. ನನ್ನದು ಹಿಂದೆ ಕಿರಿದು, ಮುಂದೆ ಬೀಸಣಿಗೆ. ಹಿಮ್ಮಡಿ ಬಿಗಿಯಾಗಿ, ಬೆರಳ ಕಡೆ ಹರವಾಗಿ ಇರುವ ಬೂಟು ಬೇಕಾದ ಕಾಲು ಎಂದಳು. ಜೊತೆಗೆ ನನ್ನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಹಾಗಿರುವವಳು ಗಂಡನನ್ನು ಆಳುತ್ತಾಳೆಂದು ನಮ್ಮ ಕಡೆ ಮಾತಿದೆ. ಹೆಣ್ಣು ನೋಡಲು ಬಂದವರಿಗೆ ಕಾಣದಂತೆ ಅಮ್ಮ ನನ್ನ ಸೀರೆಯ ನೆರಿಗೆ ಇಳಿಬಿಟ್ಟಿದ್ದಳು. ಬೂಟಿನ ಶಾಸ್ತ್ರದಲ್ಲಿ ಅದಕ್ಕೆ ಇರುವ ಅರ್ಥ ಇಷ್ಟೇ: ಅಳತೆಯನ್ನು ಹೆಬ್ಬೆರಳಿಗಲ್ಲ, ಉದ್ದದ ಬೆರಳಿಗೆ ತೆಗೆಯಬೇಕು.

ಆ ಬೆರಳಿಗೇ ಕಾಲುಂಗುರವೂ ಇರುವುದು. ಗಂಡಸರು ಬರೆದಿಟ್ಟ ಯಾವ ಬೂಟಿನ ಪುಸ್ತಕದಲ್ಲಿ ಇದು ಬರುತ್ತದೋ ಕಾಣೆ. ಕಿರಿದಾದ ಬೂಟಿನಲ್ಲಿ ಉಂಗುರ ಪಕ್ಕದ ಬೆರಳನ್ನು ಕೊರೆಯುತ್ತದೆ. ತೆಗೆದಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಗೆಜ್ಜೆಯ ಪಿಲ್ಲಿ ಬಿಚ್ಚಿಟ್ಟು, ನಯವಾದ ತೆಳು ಸುತ್ತು ಮಾಡಿಸಿಕೊಂಡೆ. ಬೆಳ್ಳಿ ಅಂಗಡಿಯವರು ಯಾಕೆಂದು ಕೇಳಿದರು. ಬೂಟಿಗೆ ಎಂದೆ. ಅವರು ಮುಂದೆ ಕೇಳಲಿಲ್ಲ.

ಅಳತೆಯ ಮಾತು ಬಂದಾಗ ನನಗೆ ನೆನಪಾದದ್ದು ಕಡ್ಡಿ. ನಾವು ಚಿಕ್ಕವರಿದ್ದಾಗ ಚಪ್ಪಲಿ ಕೊಳ್ಳಲು ಮಕ್ಕಳನ್ನು ಪೇಟೆಗೆ ಕರೆದೊಯ್ಯುತ್ತಿರಲಿಲ್ಲ. ಅಪ್ಪ ಕೊಬ್ಬರಿ ಹಾಕಲು ತಿಪಟೂರಿಗೆ ಹೊರಡುವ ಮುಂಚೆ ಪೊರಕೆಯಿಂದ ಒಂದೊಂದು ತೆಂಗಿನ ಕಡ್ಡಿ ಎಳೆದು, ನಮ್ಮ ಪಾದಕ್ಕೆ ಹಿಡಿದು ಮುರಿದು, ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಕಡ್ಡಿಯನ್ನು ಚಪ್ಪಲಿಯ ಮೇಲೆ ಮಲಗಿಸಿ, ಸರಿಹೋದರೆ ದುಡ್ಡು ಕೊಡುವುದು. ಕಡ್ಡಿ ಅದಲುಬದಲಾಗಿ ನನ್ನದು ಅಣ್ಣನಿಗೆ ಬಂದದ್ದೂ ಉಂಟು. ಇದೇನು ನಮ್ಮ ಹಳ್ಳಿಯ ಪದ್ಧತಿ ಮಾತ್ರವಲ್ಲ. ನಾವು ಇಂದಿಗೂ ಹೇಳುವ ಐದು, ಆರು ಎಂಬ ಇಂಗ್ಲಿಷ್ ನಂಬರುಗಳ ಬುಡವೂ ಒಂದು ಕಾಳು. ಮೂರು ಬಾರ್ಲಿ ಕಾಳು ಉದ್ದಕ್ಕೆ ಜೋಡಿಸಿದರೆ ಒಂದು ಇಂಚು, ಒಂದು ಕಾಳಿಗೆ ಒಂದು ನಂಬರು. ಕಡ್ಡಿಯಾಗಲಿ ಕಾಳಾಗಲಿ, ಉದ್ದ ಹೇಳುತ್ತದೆ. ಅಗಲ ಹೇಳುವುದಿಲ್ಲ.

1994ರಲ್ಲಿ ನಾನೂ ಒಂದು ಕಡ್ಡಿ ಮುರಿದೆ. ತಂಗಿಯ ಮದುವೆ ಗೊತ್ತಾಗಿತ್ತು. ಅಮ್ಮ ಹುಟ್ಟಿದಾಗಿನಿಂದ ಬರಿಗಾಲಲ್ಲಿ ತೋಟ ತಿರುಗಿದವಳು. ಗರಿ ಎಳೆಯುವುದು, ಮಟ್ಟೆ ಒಟ್ಟುವುದು, ಅಟ್ಟಕ್ಕೆ ಕಾಯಿ ಏರಿಸುವುದು, ಎಲ್ಲ ಬರಿಗಾಲಲ್ಲೇ. ನೆಗ್ಗಿಲು ಮುಳ್ಳು ಅವಳ ಹಿಮ್ಮಡಿಯಲ್ಲಿ ಮುರಿಯುತ್ತಿತ್ತೇ ಹೊರತು ನಾಟುತ್ತಿರಲಿಲ್ಲ. ಬೆರಳುಗಳು ಒಂದಕ್ಕೊಂದು ತಾಗದೆ ಹರಡಿದ್ದವು. ಬೀಗರ ಮುಂದೆ ಹೆತ್ತವ್ವ ಬರಿಗಾಲಲ್ಲಿ ನಿಂತರೆ ಚೆನ್ನಾಗಿರುವುದಿಲ್ಲ ಎಂದು ನನಗೆ ತೋರಿತು. ಅಮ್ಮ ಮಲಗಿದ್ದಾಗ ಕಡ್ಡಿ ಹಿಡಿದು, ಪೇಟೆಯಿಂದ ಮುಂಭಾಗ ಮುಚ್ಚಿದ, ಮೆರುಗಿನ ಚಪ್ಪಲಿ ತಂದೆ. ಉದ್ದ ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಹೆಂಗಿದೆ ಅಮ್ಮ?" ಎಂದರೆ "ಚೆಂದಾಗದೆ ಕಣವ್ವ" ಎಂದಳು. ಮದುವೆಯ ಎರಡು ದಿನವೂ ಹಾಕಿಕೊಂಡೇ ಓಡಾಡಿದಳು. ಅವಳಿಗೆ ಸಕ್ಕರೆ ಕಾಯಿಲೆ ಇತ್ತು, ಅದು ನಮಗೆ ಗೊತ್ತಿತ್ತು. ಆ ಕಾಯಿಲೆ ಹಳೆಯದಾದರೆ ಪಾದದ ಸ್ಪರ್ಶವೇ ಸಾಯುತ್ತದೆ, ಉಜ್ಜಿದ್ದು ಕೊರೆದದ್ದು ತಿಳಿಯುವುದಿಲ್ಲ ಎಂಬುದು ಗೊತ್ತಿರಲಿಲ್ಲ. ವಾರದ ಮೇಲೆ ಕಿರುಬೆರಳಿನ ಪಕ್ಕ ಬೊಕ್ಕೆ ಒಡೆದು ವಾಸನೆ ಬಂದಾಗಲೇ ನಾವು ನೋಡಿದ್ದು. ತಿಂಗಳು ಕಳೆಯುವುದರೊಳಗೆ ಬೆರಳು ತೆಗೆಸಬೇಕಾಯಿತು. ಆಸ್ಪತ್ರೆಯ ಮಂಚದ ಮೇಲೂ ಅವಳು ನನ್ನನ್ನೇ ಸಮಾಧಾನ ಮಾಡಿದಳು: "ಒಂದು ಬೆರಳು ತಾನೆ, ಬುಡವ್ವ." ಆಮೇಲೆ ಏಳು ವರ್ಷ ಬದುಕಿದ್ದಳು. ತೋಟಕ್ಕೆ ಮೊದಲಿನ ಹಾಗೆ ಇಳಿಯಲಿಲ್ಲ.

ಆ ಚಪ್ಪಲಿ ಈಗಲೂ ಅಟ್ಟದ ಮೇಲಿದೆ. ಸಂಕ್ರಾಂತಿಯ ಸಂಜೆ ಇಳಿಸಿ ತಂದೆ. ಸೊಸೆ ಅದರೊಳಗೆ ಬೆರಳಾಡಿಸಿ, "ಉದ್ದ ಸರಿಯಾಗೇ ಇದೆಯಲ್ಲ ಅತ್ತೆ" ಎಂದಳು. ಚಪ್ಪಲಿಯ ಎಡಬದಿ ಉಬ್ಬಿ ಹೊಲಿಗೆ ಬಿಟ್ಟುಕೊಂಡಿತ್ತು. ಅಮ್ಮನ ಪಾದ ಹೊರಗೆ ಬರಲು ನೋಡಿದ ಜಾಗ ಅದು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮರುದಿನ ಸಂಜೆ ಅವಳು ನನ್ನ ಕಾಲು ಅಳೆದಳು. ಸಂಜೆಯೇ ಯಾಕೆಂದರೆ ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಬೂಟು ಕೊಳ್ಳುವುದೂ ಆಗಲೇ, ಹಾಕುವ ಕಾಲುಚೀಲ ಹಾಕಿಕೊಂಡೇ. ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಕಾಗದದ ಮೇಲೆ ಪೂರಾ ಭಾರ ಬಿಟ್ಟು ನಿಲ್ಲಬೇಕು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಬೇಕು. ಎಡಗಾಲು 23.8 ಸೆಂಟಿಮೀಟರು, ಬಲಗಾಲು 24.2. ದೊಡ್ಡ ಕಾಲೇ ಲೆಕ್ಕಕ್ಕೆ, ಅದರ ಮುಂದೆ ಹೆಬ್ಬೆರಳಿನ ಅಗಲದಷ್ಟು ಖಾಲಿ. ಬೆರಳ ಬುಡದಲ್ಲಿ ಅಗಲ ಹತ್ತು ಸೆಂಟಿಮೀಟರು. ತಿಪಟೂರಿನ ಅಂಗಡಿಯಲ್ಲಿ ಹೆಂಗಸರ ಬೂಟು ಒಂದೂ ಹಿಡಿಸಲಿಲ್ಲ. ನಾನು ಆ ಕಾಗದವನ್ನು ಒಳಗಿನ ಅಟ್ಟೆಯ ಮೇಲಿಟ್ಟು ನೋಡಿದರೆ ಎರಡೂ ಕಡೆ ಗೆರೆ ಹೊರಚಾಚುತ್ತಿತ್ತು. ಹೆಂಗಸರ ಬೂಟಿನ ಅಚ್ಚೇ ಕಿರಿದು. ಕೊನೆಗೆ ಗಂಡಸರ ಸಾಲಿನಿಂದ ಒಂದು ಜೊತೆ ತೆಗೆಸಿದೆ. ಮುಖ ಸ್ವಲ್ಪ ಸಣ್ಣದಾಯಿತು, ಕಾಲಿಗೆ ಮಾತ್ರ ಸುಖವಾಯಿತು. ಹಿಮ್ಮಡಿ ಸಡಿಲವೆನಿಸಿದ್ದಕ್ಕೆ ದಾರವನ್ನು ಕಟ್ಟಕಡೆಯ ತೂತಿನಲ್ಲಿ ಕುಣಿಕೆ ಮಾಡಿ ಎಳೆದು ಕಟ್ಟುವುದನ್ನು ಸೊಸೆ ಕಲಿಸಿದಳು.

ತಪ್ಪು ನನ್ನ ಪಾದದ್ದಲ್ಲ ಎಂದು ಆಮೇಲೆ ತಿಳಿಯಿತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್ ತನಕ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರದಲ್ಲಿ ಅಳೆದರು. ನಮ್ಮವರ ಪಾದ ಯೂರೋಪು, ಅಮೆರಿಕದವರದ್ದಕ್ಕಿಂತ ಅಗಲ ಎಂದು ಕಂಡುಬಂತು. ಅದರ ಮೇಲೆ 'ಭ' ಎಂಬ ಹೆಸರಿನಲ್ಲಿ ನಮ್ಮದೇ ಅಳತೆಯನ್ನು ಸೂಚಿಸಿದ್ದಾರೆ. ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದದ್ದೂ ಕೊಟ್ಟ ಬೂಟು ಕಾಲಿಗೆ ಹೊಂದದೆ. 1964ರಲ್ಲಿ ಟೋಕಿಯೊದಲ್ಲಿ ಬೂಟು ಹಾಕಿಕೊಂಡೂ ಗೆದ್ದ. ಬರಿಗಾಲೇ ಮೇಲೆನ್ನುವ ಈಗಿನ ಕೆಲವರಿಗೆ ಈ ಎರಡನೆಯದು ಮರೆತುಹೋಗಿರುತ್ತದೆ.

ನಾನೇನು ಓಡುವುದಿಲ್ಲ. ಚೂಡಿದಾರ್ ತೊಟ್ಟು ನಡೆಯುತ್ತೇನೆ. ಮೊದಲು ತೋಟದ ಬದುವಿನಲ್ಲಿ, ಬೂಟು ಪಳಗಿದ ಮೇಲೆ ಒಂದು ಭಾನುವಾರ ಸೊಸೆಯ ಜೊತೆ ಚಿಕ್ಕನಾಯಕನಹಳ್ಳಿಯ ಕಡೆಯ ಮದಲಿಂಗನ ಕಣಿವೆಗೆ. ಅಲ್ಲಿಯ ಗುಡ್ಡದ ಪುಡಿಗಲ್ಲು ಇಳಿಯುವಾಗ ಕಾಲಡಿಯಲ್ಲಿ ಉರುಳುತ್ತದೆ. ನಿಧಾನಕ್ಕೆ ಇಳಿದೆ. ಕೆಳಗೆ ಬಂದು ಬೂಟು ಬಿಚ್ಚಿ ಹತ್ತೂ ಉಗುರು ನೋಡಿಕೊಂಡೆ. ಒಂದೂ ಕಪ್ಪಾಗಿರಲಿಲ್ಲ.

ಹೋದ ತಿಂಗಳು ತೋಟದ ಕೆಲಸಕ್ಕೆ ಬರುವಾಕೆ ಜಗಲಿಯಲ್ಲಿದ್ದ ನನ್ನ ಬೂಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. "ಮಟ್ಟೆ ಮ್ಯಾಲೆ ನಡ್ಯಕೆ ಚೆಂದಾಗಿರ್ತದೆ ಅಲ್ವಾ ಅಕ್ಕ? ನಂಗೂ ಒಂದ್ಜೊತೆ ತಂದ್ಕೊಡಿ, ಕೂಲೀಲಿ ಹಿಡ್ಕಳಿ" ಎಂದಳು. ಪೊರಕೆಯತ್ತ ಕೈ ಚಾಚಿ ತಾನೇ ಒಂದು ಕಡ್ಡಿ ಎಳೆದಳು. ಅದನ್ನು ಇಸಿದುಕೊಂಡು, ಹಳೆಯ ಪೇಪರು ಹಾಸಿ, ಗೋಡೆಗೆ ಹಿಮ್ಮಡಿ ಕೊಟ್ಟು ನಿಲ್ಲು ಎಂದೆ. ಪೆನ್ಸಿಲು ಕಿರುಬೆರಳ ಹತ್ತಿರ ಬಂದಾಗ ಕಚಗುಳಿಯಾಗಿ ಕಾಲು ಕಿತ್ತುಕೊಂಡು ನಕ್ಕಳು. ಗೆರೆ ತಪ್ಪಿತು. ಇನ್ನೊಂದು ಪೇಪರು ಹಾಸಿದೆ.