ಹೆಲಿಪ್ಯಾಡ್ ಇದ್ದ ಮೈದಾನ

ಧಾರವಾಡ, 12 ಮೇ 2024, ಭಾನುವಾರ

ಬೆಳಗ್ಗೆಯೇ ಪಿ.ಟಿ. ಸರ್ ಫೋನು. ಶಾಲೆಯ ಬೇಸಿಗೆ ಶಿಬಿರದಲ್ಲಿ ಖೋಖೋ ಆಡುತ್ತಿದ್ದ ಹುಡುಗಿಯೊಬ್ಬಳ ಮೊಣಕಾಲು ತಿರುಚಿದೆ. ಯಾರೂ ತಾಗಿರಲಿಲ್ಲವಂತೆ, ಸರಕ್ಕನೆ ತಿರುಗುವಾಗ ಪಾದ ನೆಲ ಕಚ್ಚಿತು, ಮೈ ಮುಂದೆ ಹೋಯಿತು. "ನೆಲಾನ ಸರಿ ಇಲ್ರೀ ಮೇಡಂ. ನಿಮ್ಮ ಲ್ಯಾಬಿನಾಗ ಮಣ್ಣು ನೋಡೂ ಮಷಿನ್ ಅದಾವಲ್ಲ, ಒಮ್ಮೆ ತಂದು ನೋಡ್ರಿ" ಎಂದರು.

ಕ್ಲೆಗ್ ಹ್ಯಾಮರ್ ಇದೆ. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಬೇಡನ್ ಕ್ಲೆಗ್ 1970ರ ದಶಕದಲ್ಲಿ ರಸ್ತೆಯ ತಳ ಗಟ್ಟಿ ಕೂತಿದೆಯೇ ಎಂದು ನೋಡಲು ಮಾಡಿದ್ದು. ಕೊಳವೆಯೊಳಗಿನ ತೂಕವನ್ನು ಗೊತ್ತಾದ ಎತ್ತರದಿಂದ ಬಿಡಬೇಕು. ನೆಲಕ್ಕೆ ಬಡಿದು ಅದು ಎಷ್ಟು ಥಟ್ಟನೆ ನಿಲ್ಲುತ್ತದೋ ಅಂಕಿ ಅಷ್ಟು ದೊಡ್ಡದು. ರಸ್ತೆಯವರಿಗೆ ದೊಡ್ಡ ಅಂಕಿ ಬಂದರೆ ಹಬ್ಬ. ಬೀಳುವವರಿಗೆ ಅದೇ ಏಟು.

19 ಮೇ, ಭಾನುವಾರ

ಬಿಸಿಲೇರುವ ಮೊದಲೇ ಹೋದೆವು. ಕೆಳಗೆ ಎರೆ ಮಣ್ಣು, ಮೇಲೆ ಗರಸು ಹಾಕಿ ರೋಲರ್ ಹೊಡೆದ ಮೈದಾನ. ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ತನ್ನ ಮೈದಾನಗಳಿಗೆ 100 ಜಿ (ಗುರುತ್ವದ ನೂರು ಪಟ್ಟು) ಮಿತಿ ಇಟ್ಟಿದೆ, ಆದರೆ ಅದು 2.25 ಕೆ.ಜಿ. ಹ್ಯಾಮರಿನ ಲೆಕ್ಕ. ನಮ್ಮದು ರಸ್ತೆಯ 4.5 ಕೆ.ಜಿ.ಯದು. ಒಂದರ ಅಂಕಿ ಇನ್ನೊಂದಕ್ಕೆ ಹಚ್ಚಲಾಗದು. ಒಂದೇ ಮೈದಾನದ ಈ ಮೂಲೆ ಆ ಮೂಲೆ ಹೋಲಿಸಲು ಮಾತ್ರ ಅಡ್ಡಿಯಿಲ್ಲ. ನನಗೆ ಬೇಕಾದದ್ದೂ ಅಷ್ಟೇ.

ಧ್ವಜಸ್ತಂಭದ ಮುಂದೆ ಚುನಾವಣೆ ಪ್ರಚಾರದ ಹೆಲಿಕಾಪ್ಟರಿಗೆಂದು ಬಡಿದು ಕೂರಿಸಿದ ವೃತ್ತ. ಸುಣ್ಣದ ಗುರುತು ಇನ್ನೂ ಮಾಸಿಲ್ಲ. ಅಲ್ಲಿ ಹ್ಯಾಮರ್ ಠಣ್ಣೆಂದು ಪುಟಿಯಿತು. ನಾಲ್ಕು ಹೆಜ್ಜೆ ಆಚೆ ಪೆಂಡಾಲ್ ಕಂಬಕ್ಕೆ ತೋಡಿ, ಮಣ್ಣು ಎಳೆದು ಮುಚ್ಚಿದ ಗುಂಡಿ. ಅಲ್ಲಿ ಧಪ್ಪೆಂದು ಹೂತುಹೋಯಿತು. ಅಂಕಿ ಅರ್ಧಕ್ಕೂ ಬರಲಿಲ್ಲ. ಖೋಖೋ ಅಂಕಣ ಎರಡರ ಮೇಲೂ ಹಾಯುತ್ತದೆ. ಹುಡುಗಿ ಬಿದ್ದದ್ದು ಆ ಗುಂಡಿಯ ಅಂಚಿನಲ್ಲೇ.

"ಹಂಗಾರ ಪೂರಾ ಗಟ್ಟಿ ಇದ್ರ ಚಲೋ ಏನ್ರೀ?" ಎಂದು ಪಿ.ಟಿ. ಸರ್ ಕೇಳಿದರು.

ಚಲೋ ಅಲ್ಲ. ಆದರೆ ಒಂದೇ ಸಮ ಗಟ್ಟಿ ನೆಲಕ್ಕೆ ಓಡುವವರು ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ. ನಡುವೆಯೇ ಬದಲಾಗುವ ನೆಲ ಆ ಅವಕಾಶ ಕೊಡುವುದಿಲ್ಲ. ಫಿಲಡೆಲ್ಫಿಯಾದ ವೆಟರನ್ಸ್ ಸ್ಟೇಡಿಯಂನಲ್ಲಿ ಬೇಸ್‌ಬಾಲ್ ಮಣ್ಣಿನ ಜಾಗಗಳನ್ನು ಕೃತಕ ಹಾಸಿನಿಂದ ಮುಚ್ಚಿ ಅಮೆರಿಕನ್ ಫುಟ್‌ಬಾಲ್ ಆಡಿಸುತ್ತಿದ್ದರು. 2001ರ ಆಗಸ್ಟ್‌ನಲ್ಲಿ ಆ ಜೋಡಣೆ ಸಮವಾಗಿ ಕೂರದೆ ಪಂದ್ಯವೇ ರದ್ದಾಯಿತು. ಅದೇ ಅಂಗಳದಲ್ಲಿ 1993ರಲ್ಲಿ ವೆಂಡೆಲ್ ಡೇವಿಸ್ ಎಂಬ ಆಟಗಾರ ಚೆಂಡಿಗೆ ನೆಗೆಯಹೋಗಿ ಎರಡೂ ಮೊಣಚಿಪ್ಪಿನ ಸ್ನಾಯುರಜ್ಜು ಹರಿದುಕೊಂಡಿದ್ದ. ಡೇವಿಸನದು ಗಟ್ಟಿತನದ್ದಲ್ಲ, ನೆಲ ಪಾದವನ್ನು ಹಿಡಿದುಕೊಳ್ಳುವ ಹಿಡಿತದ ಪ್ರಶ್ನೆ. ಹ್ಯಾಮರ್ ಅದನ್ನು ಹೇಳುವುದಿಲ್ಲ.

9 ಜೂನ್, ಭಾನುವಾರ

ಮಳೆ ಬಿದ್ದು ಗರಸು ಸರಿದಲ್ಲೆಲ್ಲ ಎರೆ ಮಣ್ಣು ಮೇಲೆದ್ದಿದೆ, ಚಪ್ಪಲಿ ಬಿಡದು.

ಹಿಡಿತ ಅಳೆಯಲು ಫಿಫಾ ಪರೀಕ್ಷೆಯಲ್ಲಿ 145 ಮಿ.ಮೀ. ಅಗಲದ ದುಂಡು ಫಲಕ, ಅಡಿಗೆ ಬೂಟಿನ ಆರು ಮೊಳೆ, ಒಟ್ಟು ಭಾರ 46 ಕೆ.ಜಿ. ಟಾರ್ಕ್ ರೆಂಚಿನಿಂದ ತಿರುಗಿಸಿ, ಎಷ್ಟು ಬಲಕ್ಕೆ ಕಿತ್ತುಕೊಳ್ಳುತ್ತದೆ ನೋಡುವುದು. ನಮ್ಮ ಮಕ್ಕಳಿಗೆ ಮೊಳೆ ಬೂಟು ಎಲ್ಲಿಯದು? ಕ್ಯಾನ್ವಾಸ್, ಇಲ್ಲವೇ ಬರಿಗಾಲು. ಹರಿದ ಕ್ಯಾನ್ವಾಸಿನ ಅಟ್ಟೆ ಕತ್ತರಿಸಿ ಫಲಕಕ್ಕೆ ಅಂಟಿಸಿದೆವು. ಭಾರಕ್ಕೆ ಜಿಮ್ಮಿನ ಪ್ಲೇಟು, ರೆಂಚು ಗ್ಯಾರೇಜಿನಿಂದ. ಗರಸಿನ ಮೇಲೆ ಅಟ್ಟೆ ಕರಕರ ಎಂದು ಸುಲಭಕ್ಕೆ ತಿರುಗಿತು, ಅರೆ ಒಣಗಿದ ಎರೆಯಲ್ಲಿ ಕಚ್ಚಿ ಹಿಡಿಯಿತು, ಪೂರ್ತಿ ಒದ್ದೆಯಾದಲ್ಲಿ ಜಾರಿಹೋಯಿತು. ಅರೆ ಒಣಗಿದ್ದೇ ಕೆಟ್ಟದ್ದು ಎಂಬುದು ನನ್ನ ಅಂದಾಜು. ನೋಡಲು ಆಡುವ ಹಾಗೆಯೇ ಇರುತ್ತದೆ, ಯಾರೂ ಆಟ ನಿಲ್ಲಿಸುವುದಿಲ್ಲ.

ಕಂಬದ ಗುಂಡಿಗಳನ್ನು ಮತ್ತೆ ತೆಗೆದು ಪದರ ಪದರವಾಗಿ ಮಣ್ಣು ತುಂಬಿ ದಮ್ಮಸು ಹಾಕಿಸಿದೆವು. ಹೆಲಿಪ್ಯಾಡಿಗೆ ಗುದ್ದಲಿ ಬಿದ್ದಿದೆ, ಅರ್ಧ ಬಾಕಿ. ಅಂಕಣವನ್ನು ಸದ್ಯ ಬೇವಿನಮರದ ಕಡೆ ಸರಿಸಲಾಗಿದೆ.

ಹೆಡ್‌ಮಾಸ್ತರ್ ಬಂದು ನೋಡಿ, "ಹದಿನೈದು ಆಗಸ್ಟಿಗೆ ಪರೇಡ್ ಐತ್ರಿ, ರೋಲರ್‌ಗೆ ಹೇಳಬೇಕು" ಎಂದರು. ಪರೇಡು ಗೇಟಿನ ಬದಿಗೇ ಇರಲಿ, ರೋಲರ್ ಅಂಕಣಕ್ಕೆ ಬರುವುದು ಬೇಡ ಎಂದು ನಕ್ಷೆ ಬರೆದು ಕೊಟ್ಟಿದ್ದೇನೆ.